‘ನೆಟ್ ಇಲ್ಲ’ – ಅಡ್ಡಿ ಎಲ್ಲಿದೆ? ಹುಡುಕೋಣ ಬನ್ನಿ

ಮಕ್ಕಳೇ,

ಒಂದು ಸಂಜೆ ನಿಮ್ಮ ಮನೆಯಲ್ಲಿ ಹೀಗಾಯಿತು ಎಂದುಕೊಳ್ಳಿ. ಗಂಟೆ ಏಳು. ಕಾಲೇಜಿಗೆ ಹೋಗುವ ನಿಮ್ಮ ಅಕ್ಕ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಳೆ. ಅರ್ಜಿ ಸಲ್ಲಿಸಲು ನಾಳೆಯೇ ಕೊನೆಯ ದಿನ. ಅರ್ಧ ತುಂಬುವಷ್ಟರಲ್ಲಿ ಫೋನಿನ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ‘ವೈಫೈ ಸಂಪರ್ಕ ಇದೆ, ಇಂಟರ್‌ನೆಟ್ ಇಲ್ಲ’ ಎಂಬ ಸೂಚನೆ ಬಂತು.

“ಅಕ್ಕನ ಫೋನೇ ಸರಿಯಿಲ್ಲ” ಎಂದ ತಮ್ಮ. “ಈ ತಿಂಗಳ ಬಿಲ್ಲು ಕಟ್ಟಿಲ್ಲವೇನೋ” ಎಂದರು ಅಮ್ಮ. “ಆ ಪೆಟ್ಟಿಗೆ ಹಳೆಯದಾಯಿತು, ಹೊಸದು ತರಬೇಕು” ಎಂದರು ಅಪ್ಪ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, “ಈಗ ಗಾಳಿ ಬೀಸಿತಲ್ಲ, ಆಗ ಹಿತ್ತಲ ಕಡೆ ಏನೋ ದಪ್ ಅಂತ ಬಿತ್ತು ಕಣ್ರೋ” ಎಂದರು. ಅಜ್ಜಿ ಫೋನನ್ನು ಮುಟ್ಟುವವರೇ ಅಲ್ಲ. ಹಾಗಾಗಿ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕು ಜನ, ನಾಲ್ಕು ಮಾತು. ಯಾವುದು ಸರಿ? ಪರೀಕ್ಷಿಸದೆ ಹೇಳಲಾಗದು. ಪರೀಕ್ಷಿಸುವುದು ಹೇಗೆ ಎಂಬುದೇ ಇಂದಿನ ಪಾಠ.

ನಲ್ಲಿಯಿಂದ ಕಲಿಯುವ ಪಾಠ

ಬೆಳಿಗ್ಗೆ ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಆಗ ಏನು ಮಾಡುತ್ತೀರಿ? ಮನೆಯ ಇನ್ನೊಂದು ನಲ್ಲಿ ತಿರುಗಿಸಿ ನೋಡುತ್ತೀರಿ. ಅಲ್ಲಿ ಬಂದರೆ ಮೊದಲಿನ ನಲ್ಲಿಯಲ್ಲೇ ದೋಷ. ಅಲ್ಲೂ ಬಾರದಿದ್ದರೆ ಪಕ್ಕದ ಮನೆಯವರನ್ನು ಕೇಳುತ್ತೀರಿ. ಅವರಿಗೆ ಬರುತ್ತಿದ್ದರೆ ನಿಮ್ಮ ಮನೆಗೆ ಬರುವ ಪೈಪಿನಲ್ಲಿ ಅಡ್ಡಿ ಇದೆ. ಅವರಿಗೂ ಇಲ್ಲ, ಇಡೀ ಬೀದಿಗೇ ಇಲ್ಲ ಎಂದಾದರೆ ನೀರುಗಂಟಿಯನ್ನು ಕೇಳಬೇಕು. ನಿಮ್ಮ ನಲ್ಲಿ ಬಿಚ್ಚಿ ಪ್ರಯೋಜನವಿಲ್ಲ.

ಇಲ್ಲಿ ನೀವು ಏನು ಮಾಡಿದಿರಿ ಗಮನಿಸಿ. ನೀರು ಬರುವ ದಾರಿ ನಿಮಗೆ ತಿಳಿದಿತ್ತು. ಆ ದಾರಿಯನ್ನು ತುಂಡು ತುಂಡಾಗಿ ನೋಡಿದಿರಿ. ಒಂದೊಂದು ಪ್ರಶ್ನೆ ಕೇಳಿದಾಗಲೂ ದಾರಿಯ ಒಂದು ಭಾಗ ‘ಇಲ್ಲಿ ತಪ್ಪಿಲ್ಲ’ ಎಂದು ಬಿಟ್ಟುಹೋಯಿತು. ಇಂಟರ್‌ನೆಟ್ಟಿನ ಅಡ್ಡಿಯನ್ನೂ ಹೀಗೆಯೇ ಹುಡುಕಬಹುದು. ಅದಕ್ಕೆ ಮೊದಲು ದಾರಿ ತಿಳಿಯಬೇಕು.

ಸಂದೇಶದ ದಾರಿ

ಇಂದು ಅನೇಕ ಮನೆಗಳಿಗೆ ಇಂಟರ್‌ನೆಟ್ ಬರುವುದು ಗಾಜಿನ ಎಳೆಯ ಮೂಲಕ. ಇದನ್ನು ಆಪ್ಟಿಕಲ್ ಫೈಬರ್ ಎನ್ನುತ್ತಾರೆ. ಇಂಥ ಮನೆಯಲ್ಲಿ ಫೋನಿನಿಂದ ಹೊರಟ ಸಂದೇಶ ನಾಲ್ಕು ಹಂತಗಳನ್ನು ದಾಟುತ್ತದೆ.

1. ಫೋನಿನಿಂದ ರೂಟರ್ ಪೆಟ್ಟಿಗೆಯವರೆಗೆ. ಇಲ್ಲಿ ತಂತಿ ಇಲ್ಲ. ಸಂದೇಶ ರೇಡಿಯೋ ಅಲೆಗಳ ಮೇಲೆ ಹೋಗುತ್ತದೆ. ಇದೇ ವೈಫೈ.
2. ರೂಟರ್ ಪೆಟ್ಟಿಗೆಯ ಒಳಗೆ. ಬಂದ ಸಂದೇಶ ಯಾರದು, ಎಲ್ಲಿಗೆ ಹೋಗಬೇಕು ಎಂದು ಪೆಟ್ಟಿಗೆ ನೋಡುತ್ತದೆ. ಅನಂತರ ಅದನ್ನು ಬೆಳಕಿನ ಮಿಡಿತಗಳಾಗಿ ಮಾರ್ಪಡಿಸುತ್ತದೆ.
3. ಪೆಟ್ಟಿಗೆಯಿಂದ ಬೀದಿಯ ಕಂಬದವರೆಗೆ, ಅಲ್ಲಿಂದ ಕಂಪನಿಯ ಕೇಂದ್ರದವರೆಗೆ. ಈ ದಾರಿಯೆಲ್ಲ ಗಾಜಿನ ಎಳೆ. ಕೇಂದ್ರದಿಂದ ಬರುವ ಒಂದೇ ಎಳೆಯ ಬೆಳಕನ್ನು ನಡುವೆ ಒಂದು ಸಣ್ಣ ಡಬ್ಬಿಯಲ್ಲಿ ಕವಲೊಡೆಸಿ 32 ಮನೆಗಳಿಗೂ ಹಂಚಬಹುದು.
4. ಕೇಂದ್ರದಿಂದ ಮುಂದೆ, ಅರ್ಜಿಯ ಜಾಲತಾಣ ಇರುವ ದೂರದ ಕಂಪ್ಯೂಟರಿನವರೆಗೆ.

ಉತ್ತರವೂ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ನಾಲ್ಕರಲ್ಲಿ ಎಲ್ಲಿ ಕಡಿದರೂ ಅಕ್ಕನಿಗೆ ಕಾಣುವುದು ಒಂದೇ – ಸುತ್ತುವ ಚಕ್ರ.

ಮೊದಲ ಪ್ರಶ್ನೆ: ಒಬ್ಬರಿಗೋ, ಎಲ್ಲರಿಗೋ?

ಅಮ್ಮನ ಫೋನನ್ನೂ ಅದೇ ವೈಫೈಗೆ ಸೇರಿಸಿ ನೋಡಿ. ಫೋನಿನ ಸಿಮ್ಮಿನ ಡೇಟಾ ಆರಿಸಿರಬೇಕು. ಇಲ್ಲವಾದರೆ ಬಂದ ನೆಟ್ ವೈಫೈನದೋ ಸಿಮ್ಮಿನದೋ ತಿಳಿಯದೆ ಪರೀಕ್ಷೆ ತಪ್ಪುತ್ತದೆ.

ಅಮ್ಮನ ಫೋನಿನಲ್ಲಿ ಬಂದು ಅಕ್ಕನದರಲ್ಲಿ ಬಾರದಿದ್ದರೆ ದೋಷ ಅಕ್ಕನ ಫೋನಿನದು. ವೈಫೈ ಆರಿಸಿ ಮತ್ತೆ ಹಾಕಿ ನೋಡಬೇಕು. ಒಂದೇ ಒಂದು ಜಾಲತಾಣ ತೆರೆಯದೆ ಉಳಿದುವೆಲ್ಲ ತೆರೆದರೆ ಅಡ್ಡಿ ನಾಲ್ಕನೆಯ ಹಂತದಲ್ಲಿದೆ. ಕೊನೆಯ ದಿನ ಬಹಳ ಜನ ಒಟ್ಟಿಗೇ ಅರ್ಜಿ ಹಾಕುವಾಗ ಹೀಗಾಗುವುದುಂಟು. ಆಗ ಮನೆಯ ಪೆಟ್ಟಿಗೆಯನ್ನು ಬೈದು ಫಲವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಬೇಕು.

ನಮ್ಮ ಕಥೆಯಲ್ಲಿ ಎರಡೂ ಫೋನುಗಳಲ್ಲಿ ಏನೂ ತೆರೆಯಲಿಲ್ಲ. ಹಾಗಾದರೆ ತಮ್ಮನ ಊಹೆ ಬಿತ್ತು. ಎರಡು ಫೋನುಗಳು ಒಂದೇ ಕ್ಷಣದಲ್ಲಿ ಕೆಡುವುದು ತೀರ ಅಪರೂಪ.

ದೀಪಗಳು ಹೇಳುವ ಮಾತು

ಈಗ ಪೆಟ್ಟಿಗೆಯ ಮುಂದೆ ನಿಂತು ದೀಪಗಳನ್ನು ನೋಡಿ. ಅವು ಅಲಂಕಾರಕ್ಕೆ ಇರುವುದಲ್ಲ. ಒಂದೊಂದು ದೀಪ ದಾರಿಯ ಒಂದೊಂದು ಭಾಗದ ಸುದ್ದಿ ಹೇಳುತ್ತದೆ. ದೀಪಗಳ ಹೆಸರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ತುಸು ಬೇರೆ ಇರಬಹುದು. ಫೈಬರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇವು ಇರುತ್ತವೆ.

ಪವರ್: ಉರಿಯುತ್ತಿದ್ದರೆ ಪೆಟ್ಟಿಗೆಗೆ ವಿದ್ಯುತ್ ಬರುತ್ತಿದೆ. ಆರಿದ್ದರೆ ಸ್ವಿಚ್ಚು, ಪ್ಲಗ್ಗು, ಅಡಾಪ್ಟರ್ ನೋಡಬೇಕು. ಕರೆಂಟು ಹೋದಾಗ ಪೆಟ್ಟಿಗೆಯೂ ಆರುತ್ತದೆ ಎಂಬುದು ನೆನಪಿರಲಿ.

ಪಿಓಎನ್: ನಿಶ್ಚಲವಾಗಿ ಉರಿಯುತ್ತಿದ್ದರೆ ಪೆಟ್ಟಿಗೆಯೂ ಕಂಪನಿಯ ಕೇಂದ್ರವೂ ಒಂದನ್ನೊಂದು ಗುರುತಿಸಿವೆ. ಮಿನುಗುತ್ತಿದ್ದರೆ ಇನ್ನೂ ಗುರುತು ಹಿಡಿಯುವ ಪ್ರಯತ್ನ ನಡೆದಿದೆ.

ಎಲ್‌ಓಎಸ್: ಇದು ಕೆಂಪು ದೀಪ. ಎಲ್ಲ ಸರಿಯಿದ್ದಾಗ ಆರಿಯೇ ಇರುತ್ತದೆ. ಉರಿದರೆ ಅಥವಾ ಮಿನುಗಿದರೆ ‘ನನಗೆ ಬೆಳಕು ತಲುಪುತ್ತಿಲ್ಲ’ ಎಂದು ಅರ್ಥ.

ವೈಫೈ: ಪೆಟ್ಟಿಗೆ ರೇಡಿಯೋ ಅಲೆಗಳನ್ನು ಹೊರಡಿಸುತ್ತಿದೆಯೇ ಎಂದು ಹೇಳುತ್ತದೆ.

ನಿಮ್ಮ ಮನೆಯಲ್ಲಿ ಪವರ್ ದೀಪ ಹಸಿರಾಗಿದೆ. ವೈಫೈ ದೀಪವೂ ಇದೆ. ಆದರೆ ಪಿಓಎನ್ ಆರಿದೆ. ಎಲ್‌ಓಎಸ್ ಕೆಂಪಗೆ ಮಿನುಗುತ್ತಿದೆ. ಫೋನು ಹೇಳಿದ ಒಗಟಿನಂಥ ಮಾತು ಈಗ ಬಿಡಿಸಿತಲ್ಲವೆ? ವೈಫೈ ಇದೆ ಎಂದರೆ ಮೊದಲ ಹಂತ ಸರಿಯಿದೆ. ಇಂಟರ್‌ನೆಟ್ ಇಲ್ಲ ಎಂದರೆ ಅದರಾಚೆ ಎಲ್ಲೋ ಕಡಿದಿದೆ. ಮನೆಯೊಳಗಿನ ಪೈಪು ಚೆನ್ನಾಗಿದ್ದು ಬೀದಿಯಿಂದ ನೀರು ಬಾರದ ಹಾಗೆ.

ಅಮ್ಮನ ಊಹೆಯೂ ಇಲ್ಲಿ ಬೀಳುತ್ತದೆ. ಬಿಲ್ಲು ಕಟ್ಟದಿದ್ದರೆ ಕಂಪನಿ ಸೇವೆಯನ್ನು ನಿಲ್ಲಿಸುತ್ತದೆಯೇ ಹೊರತು ಸಾಮಾನ್ಯವಾಗಿ ಬೆಳಕು ಬರುತ್ತಲೇ ಇರುತ್ತದೆ. ಇಲ್ಲಿ ಬೆಳಕೇ ಬಂದಿಲ್ಲ.

ಆರಿಸಿ ಹಚ್ಚಿದರೆ ಸರಿಹೋಗುವುದೇಕೆ?

ಇನ್ನು ಅಪ್ಪನ ಊಹೆ – ಪೆಟ್ಟಿಗೆಯೇ ಕೆಟ್ಟಿದೆ ಎಂಬುದು. ಪೆಟ್ಟಿಗೆಯನ್ನು ಒಮ್ಮೆ ಆರಿಸಿ, ಅರ್ಧ ನಿಮಿಷ ಕಾದು, ಮತ್ತೆ ಹಚ್ಚಿ ನೋಡುವುದು ಒಳ್ಳೆಯ ಪರೀಕ್ಷೆ. ಹಲವು ಸಲ ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ. ಇದು ಮಂತ್ರವಲ್ಲ, ಕಾರಣ ಉಂಟು.

ರೂಟರ್ ಒಂದು ಪುಟ್ಟ ಕಂಪ್ಯೂಟರ್. ಮನೆಯ ಒಂದೊಂದು ಫೋನಿಗೂ ಅದು ಒಂದೊಂದು ಸಂಖ್ಯೆ ಕೊಡುತ್ತದೆ. ನಿಮ್ಮ ತರಗತಿಯಲ್ಲಿ ಹಾಜರಿ ಸಂಖ್ಯೆ ಇಲ್ಲವೆ, ಹಾಗೆ. ಯಾವ ಸಂಖ್ಯೆಯವರು ಏನು ಕೇಳಿದರು, ಯಾವ ಉತ್ತರ ಯಾರಿಗೆ ಎಂಬ ಪಟ್ಟಿಯನ್ನೂ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಡುವಿಲ್ಲದೆ ನಡೆದಾಗ ಈ ಪಟ್ಟಿಯಲ್ಲಿ ಗೊಂದಲ ಉಂಟಾಗಬಹುದು. ಕೆಲಸ ನಡುವೆ ಸಿಕ್ಕಿಕೊಳ್ಳಬಹುದು. ಆರಿಸಿದಾಗ ಈ ತಾತ್ಕಾಲಿಕ ನೆನಪು ಅಳಿಸಿಹೋಗುತ್ತದೆ. ಕರಿಹಲಗೆಯನ್ನು ಒರೆಸಿ ಹೊಸದಾಗಿ ಬರೆದಂತೆ ಪೆಟ್ಟಿಗೆ ಮತ್ತೆ ಮೊದಲಿನಿಂದ ಕೆಲಸ ಆರಂಭಿಸುತ್ತದೆ.

ಅರ್ಧ ನಿಮಿಷ ಕಾಯುವುದೇಕೆ? ಪೆಟ್ಟಿಗೆಯೊಳಗೆ ವಿದ್ಯುದಾವೇಶವನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್ ಎಂಬ ಭಾಗಗಳಿವೆ. ಅವು ಪೂರ್ತಿ ಬರಿದಾಗಲಿ ಎಂದು. ಮತ್ತೆ ಹಚ್ಚಿದ ಮೇಲೂ ಎರಡು ಮೂರು ನಿಮಿಷ ತಾಳ್ಮೆಯಿಂದ ಕಾಯಿರಿ.

ಎಚ್ಚರ: ಪೆಟ್ಟಿಗೆಯ ಹಿಂಭಾಗದಲ್ಲಿ ‘ರೀಸೆಟ್’ ಎಂಬ ಪುಟ್ಟ ರಂಧ್ರ ಇರುತ್ತದೆ. ಅದಕ್ಕೆ ಕಡ್ಡಿ ಚುಚ್ಚಬೇಡಿ! ಆರಿಸಿ ಹಚ್ಚುವುದೇ ಬೇರೆ, ರೀಸೆಟ್ ಮಾಡುವುದೇ ಬೇರೆ. ರೀಸೆಟ್ ಮಾಡಿದರೆ ವೈಫೈ ಹೆಸರು, ಗುಪ್ತಪದ ಮತ್ತು ಕಂಪನಿಯವರು ತುಂಬಿಸಿದ ವಿವರಗಳೆಲ್ಲ ಅಳಿಸಿಹೋಗಬಹುದು. ಕರಿಹಲಗೆ ಒರೆಸಲು ಹೋಗಿ ಹಾಜರಿ ಪುಸ್ತಕವನ್ನೇ ಹರಿದಂತಾಗುತ್ತದೆ.

ನಿಮ್ಮ ಮನೆಯಲ್ಲಿ ಆರಿಸಿ ಹಚ್ಚಿದ ಮೇಲೂ ಕೆಂಪು ದೀಪ ಹಾಗೆಯೇ ಮಿನುಗುತ್ತಿದೆ. ಪೆಟ್ಟಿಗೆ ಬಹುಶಃ ನಿಜವನ್ನೇ ಹೇಳುತ್ತಿದೆ: ಬೆಳಕು ಬರುತ್ತಿಲ್ಲ.

ಬೆಳಕು ಗಾಜಿನೊಳಗೆ ಹರಿಯುವುದು ಹೇಗೆ?

ಬೆಳಕು ನೇರವಾಗಿ ಚಲಿಸುತ್ತದೆ ಎಂದು ಓದಿದ್ದೀರಿ. ಹಾಗಾದರೆ ಸುತ್ತಿ ಬಳಸಿ ಬರುವ ಎಳೆಯಲ್ಲಿ ಅದು ಹೇಗೆ ಬರುತ್ತದೆ?

ಈ ಎಳೆ ಎರಡು ಪದರದ ಗಾಜು. ಒಳಗಿನ ತಿರುಳು ಒಂದು ಬಗೆಯದು, ಹೊರಗಿನ ಕವಚ ಇನ್ನೊಂದು ಬಗೆಯದು. ತಿರುಳಿನಲ್ಲಿ ಓರೆಯಾಗಿ ಸಾಗುವ ಬೆಳಕು ಕವಚದ ಅಂಚನ್ನು ತಾಕಿದಾಗ ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಹಿಂದಿರುಗುತ್ತದೆ. ಇದನ್ನು ಪೂರ್ಣ ಆಂತರಿಕ ಪ್ರತಿಫಲನ ಎನ್ನುತ್ತಾರೆ. ಹೀಗೆ ಮತ್ತೆ ಮತ್ತೆ ಪ್ರತಿಫಲಿಸುತ್ತ ಬೆಳಕು ಎಳೆಯೊಳಗೇ ಮುಂದೆ ಸಾಗುತ್ತದೆ.

ಕವಚ ಸೇರಿ ಈ ಗಾಜಿನ ಎಳೆಯ ದಪ್ಪ 125 ಮೈಕ್ರೋಮೀಟರ್. ಎಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ! ಅದರ ತಿರುಳು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ತುದಿಯ ಮೇಲೆ ಒಂದು ಧೂಳಿನ ಕಣ ಕುಳಿತರೂ ಬೆಳಕಿಗೆ ಅಡ್ಡಿ. ಎಳೆಯನ್ನು ತೀರ ಮೊಂಡಾಗಿ ಮಡಿಸಿದರೆ ಬೆಳಕು ಅಂಚನ್ನು ತಾಕುವ ಓರೆ ಬದಲಾಗಿ ಹೊರಕ್ಕೆ ಸೋರಿಹೋಗುತ್ತದೆ. ಬೀರುವನ್ನು ಗೋಡೆಗೆ ಒತ್ತಿ ಇಟ್ಟಾಗ, ಬಾಗಿಲಿನ ಸಂದಿಯಲ್ಲಿ ಎಳೆ ಸಿಕ್ಕಿಕೊಂಡಾಗ ನೆಟ್ ಹೋಗುವುದು ಇದಕ್ಕೇ.

ಈ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್ ದಾರಿ. ಅಷ್ಟೇ ಉದ್ದದ ಎಳೆಯನ್ನು ದಾಟಲು ಬೆಳಕಿಗೆ ಎಷ್ಟು ಹೊತ್ತು ಬೇಕು? ಲೆಕ್ಕ ಮಾಡಿ.

ಎಚ್ಚರ: ಬಿಚ್ಚಿದ ಅಥವಾ ತುಂಡಾದ ಫೈಬರಿನ ತುದಿಯನ್ನು ಎಂದೂ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕಾಣದಿದ್ದರೂ ಅದು ಕಣ್ಣಿಗೆ ಕೆಡುಕು ಮಾಡಬಲ್ಲದು. ಮುರಿದ ಗಾಜಿನ ಚೂರು ಚರ್ಮಕ್ಕೆ ಚುಚ್ಚಿದರೆ ತೆಗೆಯುವುದೂ ಕಷ್ಟ.

ಮಾಡಿ ನೋಡಿ

ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದುಕೊಳ್ಳಿ. ತಳದಿಂದ ನಾಲ್ಕು ಬೆರಳು ಮೇಲೆ ಪೆನ್ಸಿಲಿಗಿಂತ ಸಣ್ಣ ರಂಧ್ರ ಮಾಡಿ. ರಂಧ್ರ ಮಾಡಲು ದೊಡ್ಡವರ ಸಹಾಯ ಪಡೆಯಿರಿ. ರಂಧ್ರವನ್ನು ಬೆರಳಿನಿಂದ ಮುಚ್ಚಿ ನೀರು ತುಂಬಿ. ಕತ್ತಲ ಕೋಣೆಯಲ್ಲಿ ಬಾಟಲಿಯ ಹಿಂಬದಿಯಿಂದ ರಂಧ್ರದ ಕಡೆಗೆ ಟಾರ್ಚ್ ಬೆಳಕು ಬಿಡಿ. ಬೆರಳು ತೆಗೆದಾಗ ನೀರಿನ ಧಾರೆ ಬಾಗಿ ಬೀಳುತ್ತದೆ. ಧಾರೆಗೆ ಅಂಗೈ ಒಡ್ಡಿ. ಅಂಗೈ ಮೇಲೆ ಬೆಳಕು ಕಾಣುತ್ತದೆಯೇ? ಬಾಗಿದ ನೀರಿನೊಂದಿಗೆ ಬೆಳಕೂ ಬಾಗಿ ಬಂದುದು ಹೇಗೆ? ಜಿನೀವಾ ನಗರದ ವಿಜ್ಞಾನಿ ಡೇನಿಯಲ್ ಕೊಲಾಡಾನ್ 1840ರ ದಶಕದ ಆರಂಭದಲ್ಲಿ ಇಂಥದೇ ಪ್ರಯೋಗವನ್ನು ಜನರಿಗೆ ತೋರಿಸಿದ್ದರು.

ನಿಮಗಿದು ಗೊತ್ತೇ?

* ಪಂಜಾಬಿನಲ್ಲಿ ಹುಟ್ಟಿದ ವಿಜ್ಞಾನಿ ನರಿಂದರ್ ಸಿಂಗ್ ಕಪಾನಿ, ತಮ್ಮ ಮಾರ್ಗದರ್ಶಕ ಹೆರಾಲ್ಡ್ ಹಾಪ್ಕಿನ್ಸರೊಡನೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. ‘ಫೈಬರ್ ಆಪ್ಟಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ.
* ಗಾಜಿನಲ್ಲಿನ ಕಲ್ಮಶ ತೆಗೆದರೆ ಬೆಳಕು ಬಹು ದೂರ ಹೋಗಬಲ್ಲದು ಎಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ. ಇದಕ್ಕಾಗಿ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನದ ಪಾಲು ದೊರೆಯಿತು. ಇಂದಿನ ಉತ್ತಮ ಎಳೆಯಲ್ಲಿ ಒಂದು ಕಿಲೋಮೀಟರ್ ಸಾಗಿದ ಮೇಲೂ 100ರಲ್ಲಿ ಸುಮಾರು 95 ಪಾಲು ಬೆಳಕು ಉಳಿದಿರುತ್ತದೆ.
* ದೇಶದ ಗ್ರಾಮ ಪಂಚಾಯಿತಿಗಳಿಗೆ ಇಂಥ ಎಳೆ ತಲುಪಿಸುವ ಯೋಜನೆಗೆ ಭಾರತ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. 2015ರಲ್ಲಿ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರು ಬಂತು. ನಿಮ್ಮ ಪಂಚಾಯಿತಿ ಕಚೇರಿಗೆ ಎಳೆ ಬಂದಿದೆಯೇ? ಕೇಳಿ ತಿಳಿಯಿರಿ.

ವೈಫೈ ದುರ್ಬಲವಾದಾಗ

ಎಲ್ಲ ದೀಪಗಳೂ ಸರಿಯಾಗಿದ್ದು, ಪೆಟ್ಟಿಗೆಯ ಹತ್ತಿರ ನೆಟ್ ಚೆನ್ನಾಗಿ ಬಂದು, ಅಡುಗೆಮನೆಯಲ್ಲಿ ಮಾತ್ರ ಬಾರದಿದ್ದರೆ ಅಡ್ಡಿ ಮೊದಲ ಹಂತದಲ್ಲಿದೆ. ವೈಫೈ ಅಲೆಗಳು ಪೆಟ್ಟಿಗೆಯಿಂದ ದೂರ ಹೋದಂತೆ ಹರಡಿ ತೆಳುವಾಗುತ್ತವೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲಿಗೆ. ಗೋಡೆಗಳು ಇನ್ನಷ್ಟು ಹೀರುತ್ತವೆ. ಕಬ್ಬಿಣದ ಬೀರು, ತಗಡಿನ ಛಾವಣಿ ಮುಂತಾದ ಲೋಹದ ವಸ್ತುಗಳು ಅಲೆಗಳನ್ನು ಹಿಂದಕ್ಕೆ ಎಸೆಯುತ್ತವೆ. ನೀರು ಅವುಗಳನ್ನು ಹೀರಿಕೊಳ್ಳುತ್ತದೆ.

ಹಲವು ಪೆಟ್ಟಿಗೆಗಳು ಎರಡು ಬಗೆಯ ಅಲೆಗಳನ್ನು ಹೊರಡಿಸುತ್ತವೆ. ಒಂದು 2.4 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 240 ಕೋಟಿ ಕಂಪನ. ಇದರ ಅಲೆಯ ಉದ್ದ 12.5 ಸೆಂಟಿಮೀಟರ್. ಇನ್ನೊಂದು 5 ಗಿಗಾಹರ್ಟ್ಸ್. ಇದರ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್. ಮೊದಲನೆಯದು ಗೋಡೆ ದಾಟುವುದರಲ್ಲಿ ಗಟ್ಟಿಗ. ಎರಡನೆಯದು ಹತ್ತಿರದಲ್ಲಿ ಹೆಚ್ಚು ವೇಗ ಕೊಡುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಬೀರುವಿನೊಳಗೆ, ಟಿ.ವಿ. ಹಿಂದೆ ಬಚ್ಚಿಡದೆ, ಮನೆಯ ನಡುಭಾಗದಲ್ಲಿ ಎತ್ತರದ ಜಾಗದಲ್ಲಿ ಇಡುವುದು ಒಳ್ಳೆಯದು.

ಮಾಡಿ ನೋಡಿ: ಮನೆಯಲ್ಲೋ ಶಾಲೆಯಲ್ಲೋ ವೈಫೈ ಇದ್ದರೆ, ದೊಡ್ಡವರ ಫೋನು ಹಿಡಿದು ಐದು ಜಾಗಗಳಲ್ಲಿ ನಿಂತು ಎಷ್ಟು ಗೆರೆ ಕಾಣುತ್ತದೆ ಎಂದು ಬರೆದುಕೊಳ್ಳಿ. ಪೆಟ್ಟಿಗೆಯಿಂದ ಎಷ್ಟು ಹೆಜ್ಜೆ ದೂರ, ನಡುವೆ ಎಷ್ಟು ಗೋಡೆ ಎಂಬುದನ್ನೂ ಬರೆಯಿರಿ. ದೂರವೋ ಗೋಡೆಯೋ, ಯಾವುದು ಹೆಚ್ಚು ಅಡ್ಡಿ ಮಾಡಿತು?

ಕಥೆ ಮುಂದುವರಿಯಿತು

ಈಗ ಉಳಿದಿರುವುದು ಒಂದೇ ಪ್ರಶ್ನೆ: ಬೆಳಕು ಕಡಿದುದು ಎಲ್ಲಿ? ಪೆಟ್ಟಿಗೆಯ ಹಿಂದಿನ ಎಳೆಯನ್ನು ಮುಟ್ಟದೆ ನೋಡಿದಿರಿ. ಅದು ಎಲ್ಲೂ ಮಡಿಸಿಲ್ಲ, ಸಡಿಲವಾಗಿಲ್ಲ. ಪಕ್ಕದ ಮನೆಯವರದೂ ಅದೇ ಕಂಪನಿಯ ಸಂಪರ್ಕ. ಅಲ್ಲಿ ಕೇಳಿದರೆ, “ನಮಗೆ ಬರುತ್ತಿದೆಯಲ್ಲ” ಎಂದರು. ಎಂದರೆ ಕೇಂದ್ರದಿಂದ ಕಂಬದ ಡಬ್ಬಿಯವರೆಗೆ ದಾರಿ ಚೆನ್ನಾಗಿದೆ. ಅಡ್ಡಿ ಇರುವುದು ಕಂಬದಿಂದ ನಿಮ್ಮ ಮನೆಗೆ ಬರುವ ಆ ಒಂದು ತುಂಡಿನಲ್ಲಿ!

ಆ ತುಂಡು ಬರುವುದು ಎಲ್ಲಿಂದ? ಹಿತ್ತಲ ಕಡೆಯಿಂದ.

ಆಗ ನಿಮಗೆ ಅಜ್ಜಿಯ ಮಾತು ನೆನಪಾಯಿತು. ಅಪ್ಪನೊಡನೆ ಟಾರ್ಚ್ ಹಿಡಿದು ದೂರದಿಂದಲೇ ನೋಡಿದರೆ, ಒಣಗಿದ ತೆಂಗಿನ ಗರಿಯೊಂದು ಕಪ್ಪು ತಂತಿಯ ಮೇಲೆ ಬಿದ್ದು ಅದನ್ನು ಕೆಳಕ್ಕೆ ಎಳೆದಿದೆ. ನೀವು ಯಾರೂ ಅದನ್ನು ಮುಟ್ಟಲಿಲ್ಲ. ಜೋತುಬಿದ್ದ ತಂತಿ ಫೈಬರೋ ವಿದ್ಯುತ್ತಿನದೋ ಕತ್ತಲಲ್ಲಿ ತಿಳಿಯದು. ಫೈಬರೇ ಆದರೂ ಅದು ವಿದ್ಯುತ್ ತಂತಿಯನ್ನು ತಾಕಿಕೊಂಡಿರಬಹುದು.

ಅಪ್ಪ ಕಂಪನಿಗೆ ಫೋನು ಮಾಡಿದರು. “ನೆಟ್ ಬರುತ್ತಿಲ್ಲ” ಎಂದಷ್ಟೇ ಹೇಳಲಿಲ್ಲ. “ಏಳು ಗಂಟೆಯಿಂದ ಎಲ್‌ಓಎಸ್ ಕೆಂಪಗೆ ಮಿನುಗುತ್ತಿದೆ. ಆರಿಸಿ ಹಚ್ಚಿದ್ದೇವೆ. ಪಕ್ಕದ ಮನೆಗೆ ಬರುತ್ತಿದೆ. ಕಂಬದಿಂದ ಬರುವ ತಂತಿಯ ಮೇಲೆ ಗರಿ ಬಿದ್ದಿದೆ” ಎಂದರು. ಇಷ್ಟು ವಿವರ ಸಿಕ್ಕಿದರೆ ರಿಪೇರಿಯವರು ಬೇಕಾದ ತಂತಿ, ಏಣಿ, ಸಾಧನಗಳನ್ನು ತಂದೇ ಬರುತ್ತಾರೆ. ಬೆಳಿಗ್ಗೆ ಅವರು ಬಂದು ತುಂಡಾದ ಎರಡು ತುದಿಗಳನ್ನು ನಯವಾಗಿ ಕತ್ತರಿಸಿ, ಒಂದು ಪುಟ್ಟ ಯಂತ್ರದಲ್ಲಿ ಎದುರುಬದುರು ಇಟ್ಟರು. ವಿದ್ಯುತ್ ಕಿಡಿಯ ಶಾಖಕ್ಕೆ ಗಾಜು ಕರಗಿ ಎರಡು ತುದಿಗಳೂ ಒಂದಾದುವು. ಕೆಂಪು ದೀಪ ಆರಿತು.

ಅಕ್ಕನ ಅರ್ಜಿ? ಅಡ್ಡಿ ಮನೆಯ ಹೊರಗಿದೆ, ರಾತ್ರಿ ಸರಿಯಾಗದು ಎಂದು ತಿಳಿದೊಡನೆ ಅವಳು ಸುಮ್ಮನೆ ಕಾಯಲಿಲ್ಲ. ಪಕ್ಕದ ಮನೆಯಲ್ಲಿ ಕುಳಿತು ಅಂದೇ ಅರ್ಜಿ ಮುಗಿಸಿದಳು. ಅಪ್ಪ ಹೊಸ ಪೆಟ್ಟಿಗೆಗೆ ದುಡ್ಡು ಸುರಿಯುವುದೂ ತಪ್ಪಿತು.

ನೋಡಿದಿರಾ ಮಕ್ಕಳೇ, ಅಪ್ಪ, ಅಮ್ಮ, ತಮ್ಮ ಹೇಳಿದ್ದು ಊಹೆ. ಅಜ್ಜಿ ಹೇಳಿದ್ದು ತಾವು ಗಮನಿಸಿದ ಸಂಗತಿ. ಊಹೆ ಮಾಡುವುದು ತಪ್ಪಲ್ಲ, ಆದರೆ ಪ್ರತಿ ಊಹೆಯನ್ನೂ ಒಂದು ಪರೀಕ್ಷೆಗೆ ಒಡ್ಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಗಮನಿಸಿದ್ದನ್ನು ಯಾರೇ ಹೇಳಲಿ, ಕಿವಿಗೊಡಬೇಕು. ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಮಾಡುವುದೂ ಇದನ್ನೇ.

ಯೋಚಿಸಿ, ಉತ್ತರಿಸಿ

1. ಪವರ್ ದೀಪವೇ ಆರಿದೆ, ಆದರೆ ಮನೆಯಲ್ಲಿ ಕರೆಂಟು ಇದೆ. ನೀವು ನೋಡಬೇಕಾದ ಮೂರು ಜಾಗಗಳು ಯಾವುವು?
2. ಇಡೀ ಬೀದಿಯ ಮನೆಗಳಲ್ಲಿ ಎಲ್‌ಓಎಸ್ ಕೆಂಪಗಾಗಿದೆ. ಅಡ್ಡಿ ಎಲ್ಲಿರಬಹುದು?
3. ಎಲ್ಲ ದೀಪಗಳೂ ಸರಿಯಾಗಿವೆ, ಒಂದೇ ಜಾಲತಾಣ ತೆರೆಯುತ್ತಿಲ್ಲ. ಪೆಟ್ಟಿಗೆ ಆರಿಸಿ ಹಚ್ಚುವುದರಿಂದ ಪ್ರಯೋಜನವಿದೆಯೇ? ಏಕೆ?
4. ನಿಮ್ಮ ಶಾಲೆಯ ಗಂಟೆಯೋ, ಸೈಕಲ್ಲಿನ ದೀಪವೋ, ಕೈಪಂಪೋ ಕೆಟ್ಟಿದೆ ಎಂದುಕೊಳ್ಳಿ. ದಾರಿಯನ್ನು ತುಂಡು ತುಂಡಾಗಿ ಬರೆದು, ಯಾವ ಪ್ರಶ್ನೆಯನ್ನು ಮೊದಲು ಕೇಳುವಿರಿ ಎಂದು ತರಗತಿಯಲ್ಲಿ ಚರ್ಚಿಸಿ.

(ಬೀದರ್ ಲೆಕ್ಕದ ಉತ್ತರ: 700ನ್ನು 2,00,000ದಿಂದ ಭಾಗಿಸಿದರೆ 0.0035 ಸೆಕೆಂಡು. ಕಣ್ಣು ಮಿಟುಕಿಸಲು ಇದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು!)